ಬಾಗಿಲು ಮುಚ್ಚಿದ ದಿನಗಳು ಕಲಿಸಿದ್ದೇನು?

ಓದುಗ ಸೋದರಿಯರೇ, ನಿಮ್ಮೂರ ದಿನಸಿ ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದಿದ್ದ ವೃತ್ತಗಳು ನೆನಪಿವೆಯೇ? ಒಂದೊಂದು ವೃತ್ತಕ್ಕೆ ಒಬ್ಬೊಬ್ಬರಂತೆ ಚೀಲ ಹಿಡಿದು, ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದೆವು. ಮಳೆ ಬಂದು ಸುಣ್ಣ ತೊಳೆದುಹೋಯಿತು, ನಾವೂ ಮರೆತೆವು. ಕೊರೋನಾ ಬಂದು ಐದು ವರ್ಷಕ್ಕೂ ಮೇಲಾಯಿತು. ಈಗ ಆ ಮಾತು ಬಂದರೆ, "ಪೊಲೀಸರು ಬಾರಿಸಿದ್ದಕ್ಕೇ ಜನ ಒಳಗಿದ್ದರು" ಎಂದು ಒಬ್ಬರು ಹೇಳುತ್ತಾರೆ. "ನಮ್ಮ ಜನ ಯಾವ ಕಾನೂನಿಗೂ ಬಗ್ಗೋದಿಲ್ಲ ಕಣ್ರೀ" ಅಂತ ಇನ್ನೊಬ್ಬರು. ಎರಡರಲ್ಲೂ ಅರ್ಧ ನಿಜವಿದೆ, ಅಷ್ಟೆ. ಹುಣಸೂರಿನಲ್ಲಿ ಸಂಸಾರ ಮಾಡಿಕೊಂಡಿರುವ ನನಗೆ ತೋರಿದ್ದು ಇಷ್ಟು: ಜನ ಎಲ್ಲಿ ನಿಯಮ ಪಾಲಿಸಿದರು, ಎಲ್ಲಿ ಮುರಿದರು ಎಂದು ತಿಳಿಯಬೇಕಾದರೆ ಅವರ ಅಡಿಗೆಮನೆಯ ಡಬ್ಬಗಳನ್ನು ತೆಗೆದು ನೋಡಬೇಕು.

ಯುಗಾದಿಗೆ ಬಂದ ಬೀಗ

2020ರ ಮಾರ್ಚ್ 22, ಭಾನುವಾರ, ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ಜನತಾ ಕರ್ಫ್ಯೂ. ಸಂಜೆ 5 ಗಂಟೆಗೆ ತಟ್ಟೆ, ಜಾಗಟೆ ಬಾರಿಸಿದ್ದೂ ಆಯಿತು. ಒಂದು ದಿನದ ಮಾತು, ಹಬ್ಬದ ಹಾಗೆ ಕಳೆದುಹೋಯಿತು. 24ರ ರಾತ್ರಿ 8 ಗಂಟೆಗೆ ಪ್ರಧಾನಿಯವರು ಟಿ.ವಿ.ಯಲ್ಲಿ ಬಂದು, ಆ ಮಧ್ಯರಾತ್ರಿಯಿಂದಲೇ 21 ದಿನ ಇಡೀ ದೇಶಕ್ಕೆ ಲಾಕ್‌ಡೌನ್ ಎಂದರು. ಮಾರನೆಯ ದಿನ ಯುಗಾದಿ! ಒಬ್ಬಟ್ಟಿಗೆ ಬೇಳೆ ಅಳೆಯುತ್ತಿದ್ದ ಕೈ ಮೊದಲು ಅಕ್ಕಿ ಡಬ್ಬದ ಮುಚ್ಚಳ ತೆಗೆದು ನೋಡಿತು. ನೀವೂ ನೋಡಿದಿರಿ ತಾನೇ?

ಏಪ್ರಿಲ್ 14ಕ್ಕೆ ಮುಗಿಯುತ್ತದೆ ಎಂದದ್ದು ಮೇ 3ಕ್ಕೆ ಹೋಯಿತು. ಆಮೇಲೆ ಮೇ 17, ಆಮೇಲೆ ಮೇ 31. ನಮ್ಮ ಸಾರಿಗೆ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ರಂದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಯಾವ ಊರಿನವರೇ ಆಗಲಿ, ದೊಡ್ಡ ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಸೀರೆಗೆ ನಮಗೆ ಮೈಸೂರೇ ಗತಿ. ಆ ದಾರಿಯೇ ಮುಚ್ಚಿಕೊಂಡಿತು.

ಮೈಸೂರು ಕೆಂಪು ವಲಯವಾದಾಗ

ಮಾರ್ಚ್ ಕೊನೆಯ ವಾರ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಕಾಣಿಸಿಕೊಂಡಿತು. ಒಬ್ಬರಿಂದ ಒಬ್ಬರಿಗೆ ಹರಡಿ, ನೂರಾರು ಮನೆಗಳ ಬಾಗಿಲಿಗೆ ಕ್ವಾರಂಟೈನ್ ಚೀಟಿ ಬಿತ್ತು. ನಂಜನಗೂಡು ಪಟ್ಟಣಕ್ಕೆ ದಿಗ್ಬಂಧನವಾಯಿತು. ಆ ವರ್ಷ ನಂಜುಂಡೇಶ್ವರನ ದೊಡ್ಡ ಜಾತ್ರೆಯ ತೇರು ಎಳೆಯಲಿಲ್ಲ. ಮೈಸೂರು ಕೆಂಪು ವಲಯಕ್ಕೆ ಸೇರಿತು. ಮೇ ಮಧ್ಯದ ಹೊತ್ತಿಗೆ ಜಿಲ್ಲೆಯಲ್ಲಿ ದಾಖಲಾಗಿದ್ದ 90 ರೋಗಿಗಳೂ ಗುಣಮುಖರಾಗಿ ಮನೆಗೆ ಹೋದರು. ಅಭಿರಾಂ ಜಿ. ಶಂಕರ್ ಅವರು ಆಗ ಜಿಲ್ಲಾಧಿಕಾರಿ.

ಇದು ಬರಿಯ ಬೆದರಿಕೆಯಿಂದ ಆಗುವ ಕೆಲಸವೇ? ಯಾರ ಮನೆಗೆ ಯಾರು ಬಂದರು, ಯಾರ ಜೊತೆ ಕೂತು ಊಟ ಮಾಡಿದರು ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ತಿರುಗಿ ಕೇಳಿ ಬರೆದುಕೊಂಡರು. ಬಿಸಿಲಲ್ಲಿ ತಿರುಗಿದ ಆ ತಾಯಂದಿರಿಗೆ ಕೆಲವು ಕಡೆ ಬೈಗುಳವೂ ಸಿಕ್ಕಿತು, ಪಾಪ. ಆರೋಗ್ಯ ಸಿಬ್ಬಂದಿಯ ಮೇಲೆ ಕೈ ಮಾಡಿ ತೀವ್ರ ಗಾಯ ಮಾಡಿದವರಿಗೆ 7 ವರ್ಷದವರೆಗೆ ಸಜೆ ಎಂದು ಕೇಂದ್ರ ಸರ್ಕಾರ ಏಪ್ರಿಲ್ 22ರಂದು ಸುಗ್ರೀವಾಜ್ಞೆ ತರಬೇಕಾಯಿತು.

ಕೈ ಮೇಲಿನ ಮಸಿ

ಮನೆಯಲ್ಲೇ ಇರಬೇಕಾದವರ ಕೈಗೆ ಮುದ್ರೆ ಒತ್ತಿದ್ದು ನೆನಪಿದೆಯೇ? ಅದಕ್ಕೆ ವೋಟು ಹಾಕುವಾಗ ಬೆರಳಿಗೆ ಹಚ್ಚುವ ಅಳಿಸದ ಶಾಯಿಯನ್ನು ಬಳಸಲು ಚುನಾವಣಾ ಆಯೋಗವೂ ಒಪ್ಪಿಗೆ ಕೊಟ್ಟಿತು. 1962ರ ಚುನಾವಣೆಯಿಂದ ದೇಶಕ್ಕೆ ಆ ಶಾಯಿ ಒದಗಿಸುತ್ತಿರುವುದು ನಮ್ಮ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯೇ. ಹೆಮ್ಮೆಯಿಂದ ತೋರಿಸುತ್ತಿದ್ದ ಗುರುತನ್ನು ಜನ ಸೆರಗಿನಲ್ಲಿ, ತುಂಬುತೋಳಿನಲ್ಲಿ ಮುಚ್ಚಿಕೊಳ್ಳುವಂತಾಯಿತು.

ಜೊತೆಗೆ ಮೊಬೈಲಿನ ಕಾವಲು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಸರ್ಕಾರಕ್ಕೆ ಕಳಿಸಬೇಕು ಎಂದು ಮಾರ್ಚ್ ಕೊನೆಯಲ್ಲಿ ಆಜ್ಞೆಯಾಯಿತು. ಫೋನ್ ಇದ್ದವರು ಕಳಿಸಿದರು. ಮನೆಗೆಲ್ಲ ಒಂದೇ ಫೋನು, ಅದೂ ಗುಂಡಿ ಒತ್ತುವ ಫೋನು ಇದ್ದವರು ಏನು ಮಾಡಬೇಕಿತ್ತು? ಒಂದೇ ಕೋಣೆಯ ಮನೆಯಲ್ಲಿ ಆರು ಜನರಿದ್ದರೆ "ಪ್ರತ್ಯೇಕ ಕೋಣೆಯಲ್ಲಿ ಇರಿ" ಎಂಬ ಮಾತಿಗೆ ಅರ್ಥವೇನು? ಪಾಲಿಸಲು ಅನುಕೂಲವೇ ಇಲ್ಲದವರನ್ನು ನಿಯಮ ಮುರಿದವರು ಎಂದು ಕರೆಯುವುದು ನ್ಯಾಯವೇ, ನೀವೇ ಹೇಳಿ.

ಲಾಠಿ ಎಷ್ಟು, ಅಕ್ಕಿ ಎಷ್ಟು?

ದಂಡಂ ದಶಗುಣಂ ಎನ್ನುವುದು ಹಳೆಯ ಮಾತು. ಮೊದಲ ವಾರ ನಾಕಾಬಂದಿಗಳಲ್ಲಿ ಅದೇ ನಡೆಯಿತು. ಬಸ್ಕಿ ಹೊಡೆಸಿದರು, ಕೆಲವೆಡೆ ಆರತಿ ಎತ್ತಿ ನಾಚಿಸಿದರು, ದ್ವಿಚಕ್ರ ವಾಹನ ವಶಪಡಿಸಿಕೊಂಡರು, ಲಾಠಿಯನ್ನೂ ಬೀಸಿದರು. ಬೆಂಗಳೂರಿನ ಅಂದಿನ ಪೊಲೀಸ್ ಕಮಿಷನರ್ ಭಾಸ್ಕರ ರಾವ್ ಅವರು ಲಾಠಿಯನ್ನು ಠಾಣೆಯಲ್ಲೇ ಬಿಟ್ಟು ಹೋಗಿ ಎಂದು ತಮ್ಮ ಸಿಬ್ಬಂದಿಗೆ ಹೇಳಬೇಕಾಯಿತು. ಸುಮ್ಮನೆ ಸುತ್ತಲು ಹೊರಟ ಹುಡುಗರಿಗೂ, ಅಮ್ಮನ ಸಕ್ಕರೆ ಕಾಯಿಲೆ ಮಾತ್ರೆಗೆ ಹೊರಟ ಮಗನಿಗೂ ಒಂದೇ ಪೆಟ್ಟು ಬಿದ್ದರೆ, ಪೆಟ್ಟು ತಿಂದವನ ಮನಸ್ಸಿನಲ್ಲಿ ಉಳಿಯುವುದು ರೋಗದ ಭಯವಲ್ಲ, ಖಾಕಿಯ ಮೇಲಿನ ಸಿಟ್ಟು.

ಬಡವರ ಬೀದಿಗಳಲ್ಲಿ ಜನರನ್ನು ಮನೆಯಲ್ಲಿ ಉಳಿಸಿದ್ದು ಬೇರೆ. ಏಪ್ರಿಲ್‌ನಲ್ಲಿ ನ್ಯಾಯಬೆಲೆ ಅಂಗಡಿಯಲ್ಲಿ ಎರಡು ತಿಂಗಳ ಪಡಿತರವನ್ನು ಒಟ್ಟಿಗೆ ಕೊಟ್ಟರು. ಕೇಂದ್ರದಿಂದ ಏಪ್ರಿಲ್‌ನಿಂದ ಜೂನ್‌ವರೆಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ ಉಚಿತವಾಯಿತು. ಹೆಂಗಸರ ಜನಧನ ಖಾತೆಗೆ ಮೂರು ತಿಂಗಳು 500 ರೂಪಾಯಿ ಬಂತು. ಕೊಳ್ಳುವವರಿಲ್ಲದೆ ಉಳಿದ ನಂದಿನಿ ಹಾಲನ್ನು ಸರ್ಕಾರವೇ ಕೊಂಡು ಬಡಾವಣೆಗಳಲ್ಲಿ ಹಂಚಿಸಿತು. ಇದೇನೂ ಸಂಸಾರ ತೂಗಿಸುವಷ್ಟಲ್ಲ. ಆದರೂ ಒಲೆಯ ಮೇಲೆ ಅನ್ನ ಕುದಿಯುತ್ತಿದ್ದರೆ ಮನುಷ್ಯ ಇನ್ನೊಂದು ದಿನ ಬಾಗಿಲು ಹಾಕಿಕೊಂಡು ಇರುತ್ತಾನೆ.

ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಅದು ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುವ ಕಾಲ. ಒಂದು ವಾರ ಬಿಟ್ಟರೆ ವರ್ಷದ ಬದುಕೇ ಒಣಗುತ್ತದೆ. ಮಾರ್ಚ್ 27ರಂದು ಬೇಸಾಯಕ್ಕೆ ವಿನಾಯಿತಿ ಬಂದ ಮೇಲೆ ರೈತರು ಹೊಲಕ್ಕೆ ಕದ್ದು ಹೋಗುವುದು ತಪ್ಪಿತು. ಎಚ್.ಡಿ. ಕೋಟೆಯ ಹಾಡಿಗಳ ಜನ ಕೊಡಗಿನ ಕಾಫಿ ತೋಟಕ್ಕೆ, ವಯನಾಡಿಗೆ ಕೂಲಿಗೆ ಹೋಗಿ ಬದುಕುವವರು. ಗಡಿ ಮುಚ್ಚಿದೊಡನೆ ಕೂಲಿಯೂ ಮುಚ್ಚಿತು. ಬೈಲಕುಪ್ಪೆಯ ಚಿನ್ನದ ದೇವಾಲಯ ಪ್ರವಾಸಿಗರಿಗೆ ಬಾಗಿಲು ಹಾಕಿತು; ಅದನ್ನೇ ನಂಬಿದ್ದ ಆಟೋದವರು, ತಿಂಡಿ ಗಾಡಿಯವರು ಕೈಕಟ್ಟಿ ಕೂತರು. ಇವರಿಗೆಲ್ಲ "ಹೊರಗೆ ಬರಬೇಡಿ" ಎಂಬ ಮಾತು ನಮಗೆ ಕೇಳಿಸಿದ ಹಾಗೆ ಕೇಳಿಸಲಿಲ್ಲ.

ಎಲ್ಲರಿಗೂ ಒಂದೇ ಅಳತೆಯೇ?

ನಿಯಮ ಎಲ್ಲರಿಗೂ ಒಂದೇ ಎಂಬ ನಂಬಿಕೆ ಇರುವವರೆಗೆ ಜನ ಕಷ್ಟ ಸಹಿಸುತ್ತಾರೆ. 2020ರ ಏಪ್ರಿಲ್ 17ರಂದು ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ಮಗನ ಮದುವೆ ಬಿಡದಿ ಬಳಿಯ ತೋಟದ ಮನೆಯಲ್ಲಿ ನಡೆಯಿತು. ಅನುಮತಿ ಪಡೆದೇ ಮಾಡಿದ್ದರೂ ಟಿ.ವಿ.ಯಲ್ಲಿ ಕಂಡ ಚಿತ್ರಗಳು ಊರೂರಲ್ಲೂ ಮಾತಾದವು. ಮಗಳ ಮದುವೆಯನ್ನು ಮುಂದೂಡಿದ್ದ ತಾಯಂದಿರು "ನಮಗೊಂದು, ಅವರಿಗೊಂದಾ?" ಎಂದು ಕೇಳಿದರು. ಆ ಪ್ರಶ್ನೆ ಹುಟ್ಟಿದ ಮೇಲೆ ನಿಯಮದ ಕಟ್ಟು ಸಡಿಲವಾಗುತ್ತದೆ.

ಇನ್ನು ಹಳ್ಳಿಗಳಲ್ಲಿ ಜನರೇ ರಸ್ತೆಗೆ ಮುಳ್ಳುಬೇಲಿ ಎಳೆದರು. ಊರು ಕಾಯುವ ಉದ್ದೇಶ ಒಳ್ಳೆಯದೇ. ಆದರೆ ಬೆಂಗಳೂರಿನಿಂದ ನಡೆದು ಬಂದ ಸ್ವಂತ ಊರಿನ ಮಗನನ್ನು ಹೊರಗೆ ನಿಲ್ಲಿಸುವ, ಹೆರಿಗೆಗೆ ಹೊರಟವಳ ಗಾಡಿಯನ್ನು ತಡೆಯುವ ಬೇಲಿ ರಕ್ಷಣೆಯಾದೀತೇ?

ಹಾಗೆಂದು ಜನ ಏನೂ ಬಿಟ್ಟುಕೊಡಲಿಲ್ಲವೆಂದಲ್ಲ. 2020ರ ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿಬೆಟ್ಟಕ್ಕೆ ಭಕ್ತರ ಪ್ರವೇಶವಿರಲಿಲ್ಲ. ಅಕ್ಟೋಬರ್ 26ರ ಜಂಬೂ ಸವಾರಿ ಅರಮನೆಯ ಆವರಣದೊಳಗೇ ಮುಗಿಯಿತು. ಅಂಬಾರಿ ಹೊತ್ತ ಅಭಿಮನ್ಯುವನ್ನು ನಾವು ಮನೆಯಲ್ಲಿ ಕೂತೇ ನೋಡಿದೆವು. ಕಾರಣ ಗೊತ್ತಿತ್ತು, ಎಲ್ಲರಿಗೂ ಒಂದೇ ನಿಯಮವಿತ್ತು, ತಾಯಿಗೆ ಮನೆಯಿಂದಲೇ ಕೈ ಮುಗಿದೆವು.

ಅಜ್ಜಿಯರ ಕಾಲದ ಪಾಠ

ಇದು ಹೊಸ ಕಥೆಯಲ್ಲ. ನಮ್ಮ ಹಿರಿಯರು ಪ್ಲೇಗ್ ಕಂಡವರು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಅದು ಕಾಲಿಟ್ಟಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅದಕ್ಕೆ ಮುಂಚೆ ಮುಂಬಯಿ ಪ್ಲೇಗಿನ ಕಾಲದಲ್ಲೇ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಹುಟ್ಟಿತ್ತು. ಪುಣೆಯಲ್ಲಿ ಸೈನಿಕರು ದೇವರಮನೆ, ಅಡಿಗೆಮನೆ ಎನ್ನದೆ ನುಗ್ಗಿ ಶೋಧಿಸಿದರು. ಜನರ ಸಿಟ್ಟು ಎಲ್ಲಿಗೆ ಮುಟ್ಟಿತೆಂದರೆ, 1897ರ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹಾರಿಸಿದರು. ಒಳ್ಳೆಯ ಉದ್ದೇಶದ ನಿಯಮವೂ ಮರ್ಯಾದೆ ಮರೆತು ಮನೆ ಹೊಕ್ಕರೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ಸಾಲದೇ?

ಎರಡನೆಯ ಬೇಸಿಗೆ

2021ರ ಏಪ್ರಿಲ್ 27ರ ರಾತ್ರಿ ರಾಜ್ಯದಲ್ಲಿ ಮತ್ತೆ ಕರ್ಫ್ಯೂ, ಮೇ 10ರಿಂದ ಬಿಗಿ ಲಾಕ್‌ಡೌನ್. ಬೆಳಿಗ್ಗೆ 6ರಿಂದ 10ರೊಳಗೆ ಸಾಮಾನು ತರಬೇಕು, ಅದೂ ನಡೆದೇ ಹೋಗಬೇಕು ಎಂದರು. ಲಾಠಿ ಮತ್ತೆ ಮೇಲೆದ್ದಿತು. ಹತ್ತು ಕೆ.ಜಿ. ಹಿಟ್ಟಿನ ಚೀಲ ಹೊತ್ತು ಮೈಲಿ ನಡೆಯುವವರು ಯಾರು? ಆಕ್ಷೇಪ ಬಂದ ಮೇಲೆ ಹತ್ತಿರದ ಅಂಗಡಿಗೆ ವಾಹನದಲ್ಲಿ ಹೋಗಬಹುದೆಂದು ಸಡಿಲಿಸಿದರು. ನಾಲ್ಕೇ ಗಂಟೆಯ ಅವಧಿಗೆ ಇಡೀ ಊರು ಅಂಗಡಿಗೆ ಮುಗಿಬಿದ್ದದ್ದನ್ನು ನೀವೂ ಕಂಡಿದ್ದೀರಿ. ಗುಂಪು ತಪ್ಪಿಸುವ ನಿಯಮವೇ ಗುಂಪು ಕಟ್ಟಿಸಿತು! ಮದುವೆಗೆ 40 ಜನ, ಅದೂ ಮನೆಯಲ್ಲಿ. ಶವಸಂಸ್ಕಾರಕ್ಕೆ 5 ಜನ.

ಆ ಬೇಸಿಗೆಯಲ್ಲಿ ಸಾವು ಹತ್ತಿರ ಬಂದಿತ್ತು. ನೆರೆಯ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಮೇ 2ರ ರಾತ್ರಿ ಆಮ್ಲಜನಕ ಸಾಲದೆ ನಡೆದ ದುರಂತ ನೆನೆದರೆ ಈಗಲೂ ಮೈ ನಡುಗುತ್ತದೆ. ಸೋಂಕು ಇಳಿಯದ ಕಾರಣ, ಬೇರೆ ಜಿಲ್ಲೆಗಳು ತೆರೆದುಕೊಂಡ ಮೇಲೂ ಮೈಸೂರಿನ ಬಿಗಿ ಜುಲೈ ಮೊದಲ ವಾರದವರೆಗೆ ಇತ್ತು. ಅಷ್ಟು ಹೊತ್ತಿಗೆ ಜನ ಪೊಲೀಸರನ್ನು ನೋಡಿ ಒಳಗಿದ್ದುದಕ್ಕಿಂತ ಪಕ್ಕದ ಮನೆಗೆ ಬಂದ ಆಂಬುಲೆನ್ಸ್ ನೋಡಿ ಒಳಗಿದ್ದದ್ದೇ ಹೆಚ್ಚು.

ಮನೆಯೊಳಗಿನ ಕಾವಲುಗಾರ್ತಿ

ಸರ್ಕಾರದ ಆಜ್ಞೆ ಕಾಗದದಲ್ಲಿತ್ತು. ಅದನ್ನು ದಿನವೂ ನಡೆಸಿದವರು ನಾವು. ತಂದ ತರಕಾರಿಯನ್ನು ಉಪ್ಪುನೀರಲ್ಲಿ ತೊಳೆದದ್ದು, ರವಿಕೆ ಬಟ್ಟೆಯಲ್ಲಿ ಮಾಸ್ಕ್ ಹೊಲಿದದ್ದು, "ಸುಮ್ನೆ ಒಂದು ರೌಂಡು ಹೋಗಿ ಬರ್ತೀನಿ" ಎಂದ ಯಜಮಾನರನ್ನು ಬಾಗಿಲಲ್ಲೇ ತಡೆದದ್ದು, ಮಗು ಪಾಠ ಕೇಳಲೆಂದು ಇದ್ದೊಂದು ಫೋನು ಬಿಟ್ಟುಕೊಟ್ಟದ್ದು ಯಾವ ಲೆಕ್ಕದಲ್ಲೂ ಬರಲಿಲ್ಲ. 2020ರ ಮೇ 4ರಂದು ಮದ್ಯದಂಗಡಿ ತೆರೆದಾಗ ಉದ್ದನೆಯ ಸಾಲು ನೋಡಿ ಎಷ್ಟೋ ಹೆಂಗಸರ ಎದೆ ಧಸಕ್ಕೆಂದಿತು. ಹೊರಗೆ ಹೋಗಬಾರದೆಂಬ ನಿಯಮ ಹೊಡೆಯುವ ಗಂಡನ ಮನೆಯಲ್ಲಿರುವವಳಿಗೆ ಸೆರೆಮನೆಯೇ. ದೂರುಗಳು ಹೆಚ್ಚಿ ರಾಷ್ಟ್ರೀಯ ಮಹಿಳಾ ಆಯೋಗ ಆ ಏಪ್ರಿಲ್‌ನಲ್ಲಿ ವಾಟ್ಸಾಪ್ ನಂಬರನ್ನೇ ತೆರೆಯಿತು.

ಮುಂದೆಂದಾದರೂ ಇಂಥ ಕಾಲ ಬಂದರೆ

ಬಾರದಿರಲಿ. ಆದರೂ ಗೃಹಿಣಿ ಮಳೆಗಾಲಕ್ಕೆ ಹಪ್ಪಳ ಒಣಗಿಸಿಡುವವಳಲ್ಲವೇ? ಇಷ್ಟನ್ನು ಗಮನದಲ್ಲಿಡಿ:

1. ಹದಿನೈದು ದಿನಕ್ಕಾಗುವಷ್ಟು ಅಕ್ಕಿ, ರಾಗಿ, ಬೇಳೆ, ಎಣ್ಣೆ ಸದಾ ಇರಲಿ. ಹೆಚ್ಚು ಕೂಡಿಡಬೇಡಿ; ನಿಮ್ಮ ಎರಡನೆಯ ಮೂಟೆ ಇನ್ನೊಬ್ಬರ ಮೊದಲನೆಯದು.

2. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯುವ ಮುನ್ನವೇ ತರಿಸಿ. ಡಾಕ್ಟರ ಚೀಟಿ ಕೈಯಲ್ಲಿದ್ದರೆ ನಾಕಾದಲ್ಲಿ ಮಾತು ಸುಲಭ.

3. ದಂಡ ಕಟ್ಟಿದರೆ ರಸೀದಿ ಕೇಳಿ. 2020ರ ಅಕ್ಟೋಬರ್‌ನಲ್ಲಿ ಮಾಸ್ಕ್ ದಂಡ ನಗರದಲ್ಲಿ 1000 ರೂಪಾಯಿಗೆ ಏರಿ, ಕೆಲವೇ ದಿನಗಳಲ್ಲಿ 250ಕ್ಕೆ ಇಳಿಯಿತು. ದರ ತಿಳಿಯದವರೇ ಹೆಚ್ಚು ತೆತ್ತರು.

4. ನಿಯಮದ ಕಾರಣವನ್ನು ಮಕ್ಕಳಿಗೆ ಬಿಡಿಸಿ ಹೇಳಿ. "ಪೊಲೀಸ್ ಹಿಡ್ಕೊಂಡು ಹೋಗ್ತಾನೆ" ಎಂದು ಹೆದರಿಸಬೇಡಿ. "ಅಜ್ಜಿಗೆ ಬರುತ್ತೆ" ಎಂದರೆ ಅವರಿಗೆ ಅರ್ಥವಾಗುತ್ತದೆ.

5. ಬೀದಿಯ ಒಂಟಿ ವೃದ್ಧರಿಗೆ, ಕೂಲಿಯವರಿಗೆ ಯಾರು ಸಾಮಾನು ತಲುಪಿಸಬೇಕೆಂದು ಮೊದಲೇ ಮಾತಾಡಿಕೊಳ್ಳಿ.

6. ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ: ತುರ್ತಿಗೆ 112, ಆಂಬುಲೆನ್ಸ್ 108, ಆರೋಗ್ಯ ಸಲಹೆ 104, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098.

ನಿಯಮ ಮಾಡುವವರು ದೊಡ್ಡ ಊರಲ್ಲಿರುತ್ತಾರೆ, ಅದನ್ನು ಬದುಕುವವರು ನಮ್ಮಂಥ ಊರುಗಳಲ್ಲಿರುತ್ತಾರೆ. ಮುಂದಿನ ಸಲ ಯಾರಾದರೂ ಬಾಗಿಲು ಹಾಕಿ ಎಂದರೆ ನಾವು ಖಂಡಿತ ಹಾಕೋಣ. ಜೊತೆಗೇ ಪಕ್ಕದ ಮನೆಯ ಬಾಗಿಲ ಹಿಂದೆ ಒಲೆ ಉರಿಯುತ್ತಿದೆಯೇ ಎಂದು ಒಂದು ಮಾತು ಕೂಗಿ ಕೇಳೋಣ. ಏನಂತೀರಿ?