ಒಂದೇ ಬಂಡೆ, ಎರಡು ಮಣ್ಣು

ಗದಗ ಸೀಮೆಯಲ್ಲಿ ಹೊಲದ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ: ಎರಿಯೋ, ಮಸಾರಿಯೋ? ನಮ್ಮ ಮನೆಗೆ ಎರಡೂ ಇದ್ದವು. ದಿಬ್ಬದ ಮೇಲಿನ ಕೆಂಪು ಮಸಾರಿಯಲ್ಲಿ ಮುಂಗಾರಿ ಶೇಂಗಾ, ಹಳ್ಳದ ಕಡೆಯ ಕಪ್ಪು ಎರೆಯಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ. "ಮಸಾರಿಗೆ ಮ್ಯಾಲಿಂದ ಮ್ಯಾಲೆ ಮಳಿ ಬೇಕು. ಎರಿ ಒಮ್ಮೆ ತೊಯ್ದರ ಕಾಳು ಕಟ್ಟೂತನಕಾ ತಡಿತೈತಿ" ಎನ್ನುತ್ತಿದ್ದ ಅಪ್ಪ. ಆ ಮಾತಿನ ಹಿಂದಿನ ಕಾರಣ ನನಗೆ ತಿಳಿದದ್ದು ಕೃಷಿ ಪದವಿಗೆ ಸೇರಿ ಮಣ್ಣಿನ ಪಾಠ ಓದಿದ ಮೇಲೆ.

ರಷ್ಯಾದ ವಾಸಿಲಿ ದೊಕುಚಾಯೆವ್ 1883ರಲ್ಲಿ ತಮ್ಮ ದೇಶದ ಕಪ್ಪು ಮಣ್ಣಿನ ಮೇಲೆ ಬರೆದ ಗ್ರಂಥದಿಂದ ಮಣ್ಣಿನ ಅಧ್ಯಯನ ಸ್ವತಂತ್ರ ವಿಜ್ಞಾನವಾಗಿ ಬೆಳೆಯಿತು. ಮಣ್ಣೆಂದರೆ ಬರೀ ಕಲ್ಲಿನ ಪುಡಿ ಎಂಬ ತಿಳಿವಳಿಕೆಯನ್ನು ಅವರು ಬದಲಿಸಿದರು. 1941ರಲ್ಲಿ ಹಾನ್ಸ್ ಯೆನಿ ಮಣ್ಣು ಹುಟ್ಟಲು ಐದು ಕಾರಣಗಳನ್ನು ಒಂದೇ ಸೂತ್ರದಲ್ಲಿ ಹೆಣೆದರು: ಮೂಲಶಿಲೆ, ಹವಾಮಾನ, ಜೀವಿಗಳು, ನೆಲದ ಏರಿಳಿತ, ಕಾಲ.

ಈ ಐದರಲ್ಲಿ ನೆಲದ ಏರಿಳಿತದ ಪ್ರಭಾವ ನಮ್ಮ ಬಯಲುಸೀಮೆಯಲ್ಲಿ ಎದ್ದು ಕಾಣುತ್ತದೆ. ಅನೇಕ ಕಡೆ ದಿಬ್ಬದ ಕೆಂಪು ಮಣ್ಣಿಗೂ ತಗ್ಗಿನ ಕಪ್ಪು ಮಣ್ಣಿಗೂ ಮೂಲ ಒಂದೇ ನೈಸ್ ಬಂಡೆ. ಏರಿನಲ್ಲಿ ಬಿದ್ದ ನೀರು ಬಸಿದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾಗಳನ್ನು ಕರಗಿಸಿ ಒಯ್ಯುತ್ತದೆ. ಕರಗದ ಕಬ್ಬಿಣ ಉಳಿದು, ಗಾಳಿ ಸೋಕಿ, ಮಣ್ಣನ್ನು ಕೆಂಪಾಗಿಸುತ್ತದೆ. ಬಸಿದ ಲವಣಗಳೆಲ್ಲ ತಗ್ಗಿನಲ್ಲಿ ಸೇರಿ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ರೂಪುಗೊಳ್ಳುತ್ತದೆ. ಎರೆ ಹೊಲ ಅಗೆದರೆ ಸಿಗುವ ಸುಣ್ಣದ ಹರಳುಗಳೂ ಹಾಗೆ ಬಂದವೇ. ವಿಜಯಪುರ, ಕಲಬುರಗಿ ಕಡೆಯ ಎರೆಗೆ ಬಹುಪಾಲು ಮೂಲ ಬೇರೆ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾದ ಬಸಾಲ್ಟ್ ಶಿಲೆಯ ಮಣ್ಣು.

ಸ್ಮೆಕ್ಟೈಟ್ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಎರೆ ಹೊಲ ಬಾಯಿಬಿಡುತ್ತದೆ. ಮೇಲ್ಮಣ್ಣು ಬಿರುಕಿಗೆ ಉದುರಿ ಒಳಸೇರುತ್ತದೆ; ಮತ್ತೆ ಮಳೆಯಾದಾಗ ಕೆಳಪದರ ಉಬ್ಬಿ ಮೇಲೊತ್ತುತ್ತದೆ. ಜೋಳದ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುವ ನಮ್ಮ ರೈತರು ಎರೆ ಕುಡಿದಿಟ್ಟ ತೇವವನ್ನೇ ಉಳಿಸಿಕೊಳ್ಳುತ್ತಾರೆ.

ಅಮೆರಿಕದ ಕೃಷಿ ಇಲಾಖೆ ರೂಪಿಸಿದ ವರ್ಗೀಕರಣದಲ್ಲಿ ಜಗತ್ತಿನ ಮಣ್ಣಿಗೆ 12 ಗಣಗಳಿವೆ. ನಮ್ಮ ದೇಶದ ಮಣ್ಣಿನ ಸಮೀಕ್ಷೆಯೂ ಅದನ್ನೇ ಬಳಸುತ್ತದೆ. ಕನಿಷ್ಠ 30% ಜೇಡಿಯಿದ್ದು ಆಳವಾಗಿ ಬಿರಿಯುವ ಎರೆ ವರ್ಟಿಸಾಲ್. ಜೇಡಿ ಮೇಲಿನಿಂದ ಇಳಿದು ಕೆಳಪದರದಲ್ಲಿ ಕೂತಿರುವ ಕೆಂಪು ಮಣ್ಣು ಹೆಚ್ಚಾಗಿ ಆಲ್ಫಿಸಾಲ್. ಬಣ್ಣ ನೋಡಿ ಗುಣ ಹೇಳಲಾಗದು. ಕಪ್ಪಗಿದ್ದ ಮಾತ್ರಕ್ಕೆ ಎರೆಯಲ್ಲಿ ಸಾವಯವ ಅಂಶ ಹೆಚ್ಚೆಂದು ತಿಳಿಯಬಾರದು. ನಮ್ಮ ಎಷ್ಟೋ ಎರೆ ಹೊಲಗಳಲ್ಲಿ ಸಾವಯವ ಇಂಗಾಲ 1% ಕೂಡ ಇರುವುದಿಲ್ಲ.

ಮಣ್ಣಿನ ಗುಣ ತಿಳಿಯಬೇಕಾದರೆ ಗುಂಡಿ ತೋಡಲೇಬೇಕು. 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡ್ ಸಾರಜನಕ, ರಂಜಕ, ಪೊಟ್ಯಾಷ್ ಸೇರಿ 12 ಅಂಶಗಳನ್ನು ತಿಳಿಸುತ್ತದೆ. ಅದು ಉಪಯುಕ್ತ, ಮಾಡಿಸಲೇಬೇಕು. ಆದರೆ ಅದಕ್ಕೆ ಕಳಿಸುವುದು ಮೇಲಿನ ಒಂದು ಗೇಣು ಮಣ್ಣು ಮಾತ್ರ. ಬೇರು ಎಷ್ಟು ಆಳಕ್ಕೆ ಇಳಿದೀತು, ಗರಸು ಎಲ್ಲಿ ಅಡ್ಡ ಬರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಕಾರ್ಡಿನಲ್ಲಿ ಇರುವುದಿಲ್ಲ. ಆಳವಿಲ್ಲದ ಮಸಾರಿಯಲ್ಲಿ ಸಾಲ ಮಾಡಿ ತೋಟ ಹಾಕಿ, ಗಿಡ ಒಣಗಿದ ಮೇಲೆ ನನ್ನನ್ನು ಸಲಹೆಗೆ ಕರೆಸುವವರ ಮನೆಗೆ ಹೋದಾಗ ನನಗೆ ಸಂಕಟವಾಗುತ್ತದೆ. ಅರ್ಧ ದಿನದ ಅಗೆತ ಆ ಸಾಲವನ್ನು ತಪ್ಪಿಸಬಹುದಿತ್ತು.

ಆದ್ದರಿಂದ ರೈತ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಹೊಸ ಬೆಳೆಗೆ, ತೋಟಕ್ಕೆ ಕೈ ಹಾಕುವ ಮೊದಲು ಹೊಲದ ಏರಿನಲ್ಲಿ ಒಂದು, ತಗ್ಗಿನಲ್ಲಿ ಒಂದು ಎದೆಮಟ್ಟದ ಗುಂಡಿ ತೋಡಿ. ಪದರ ಪದರದ ಮಣ್ಣನ್ನೂ ನೀರು ಬೆರೆಸಿ ಅಂಗೈಯಲ್ಲಿ ಹೊಸೆಯಿರಿ: ಉದ್ದನೆಯ ಎಳೆ ಬಂದರೆ ಜೇಡಿ, ಎಳೆಯಾಗದೆ ಉದುರಿದರೆ ಮರಳು. ಬೇರು ಎಲ್ಲಿ ನಿಂತಿದೆ ನೋಡಿ, ಆಮೇಲೆ ಬೆಳೆ ಆರಿಸಿ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ. ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು; ಒಡ್ಡಿಲ್ಲದ ಹೊಲದಿಂದ ಅದು ಕೆಲವೇ ಮಳೆಗಾಲದಲ್ಲಿ ಹಳ್ಳ ಸೇರಬಲ್ಲದು.