ಹೊಳೆಯಿಲ್ಲದ ಊರಿನ ಮಳೆನೀರು

ಕುವೈತ್‌ನ ಶುವೈಖ್‌ನಲ್ಲಿರುವ ಗ್ಯಾರೇಜ್ ಬೀದಿಗಳಲ್ಲಿ ನೆಲದ ಮೇಲೊಮ್ಮೆ ಕಣ್ಣಾಡಿಸಿ. ಹಳೇ ಎಂಜಿನ್ ಆಯಿಲ್‌ನ ಕಪ್ಪು ಕಲೆ, ಅದಕ್ಕೆ ಅಂಟಿದ ಮರಳು, ಟೈರ್ ಸವೆದ ಪುಡಿ, ಸಿಗರೇಟಿನ ತುಂಡು. ಎರಡು ಹೆಜ್ಜೆ ಆಚೆ, ರಸ್ತೆಯಂಚಿಗೆ, ಮಳೆನೀರು ಇಳಿಯುವ ಕಬ್ಬಿಣದ ಜಾಲರಿ.

ನಂಬಿಕೆ: ಕುವೈತ್‌ನಲ್ಲಿ ಮಳೆಯೇ ಅಪರೂಪ, ಹೊಳೆಯಂತೂ ಇಲ್ಲ, ಕೆಡುವುದಕ್ಕೇನಿದೆ?

ವರ್ಷವಿಡೀ ಇಲ್ಲಿ ಬೀಳುವುದು ಸುಮಾರು 110 ಮಿಲಿಮೀಟರ್ ಮಳೆ. ಮಂಗಳೂರಿನಲ್ಲಿ ಜುಲೈ ತಿಂಗಳ ಒಂದು ದಿನ ಸುರಿಯಬಲ್ಲಷ್ಟು. ಆದರೆ ಮಳೆ ಕಡಿಮೆಯಾದಷ್ಟೂ ತೊಂದರೆ ಹೆಚ್ಚು. ಬೇಸಿಗೆಯ ಅಷ್ಟೂ ತಿಂಗಳು ರಸ್ತೆ ತೊಳೆಯುವ ಮಳೆಯಿಲ್ಲದೆ ಎಣ್ಣೆ, ಕೊಳೆ ಪದರ ಕಟ್ಟುತ್ತವೆ. ಅಕ್ಟೋಬರ್ ಮಧ್ಯದಲ್ಲಿ ಶುರುವಾಗುವ ವಸ್ಮ್ ಕಾಲದ ಮೊದಲ ಜೋರು ಮಳೆ ಅದನ್ನೆಲ್ಲ ಒಂದೇ ಸಲಕ್ಕೆ ಎಳೆದೊಯ್ಯುತ್ತದೆ. ಬಂದರೆ ಹೇಗೆ ಬರುತ್ತದೆಂದು 2018ರ ನವೆಂಬರ್ ತೋರಿಸಿತು: ರಸ್ತೆಗಳು ಮುಳುಗಿ, ಲೋಕೋಪಯೋಗಿ ಸಚಿವರೇ ರಾಜೀನಾಮೆ ಕೊಟ್ಟರು.

ನಂಬಿಕೆ: ಚರಂಡಿಗೆ ಬಿದ್ದದ್ದು ಹೇಗೂ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ.

ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಮನೆಯ ಬಚ್ಚಲು, ಶೌಚಾಲಯದ ನೀರಿನ ಕೊಳವೆಯೇ ಬೇರೆ, ರಸ್ತೆಯ ಮಳೆನೀರಿನ ಕೊಳವೆಯೇ ಬೇರೆ. ಎರಡನೆಯದು ಶೋಧನೆಯಿಲ್ಲದೆ ನೇರವಾಗಿ ಕುವೈತ್ ಕೊಲ್ಲಿಗೆ ತೆರೆದುಕೊಳ್ಳುತ್ತದೆ. ನಾವು ಕುಡಿಯುವ ನೀರು ಸಮುದ್ರದ್ದೇ, ಉಪ್ಪು ತೆಗೆದದ್ದು. ಉಪ್ಪು ತೆಗೆಯುವ ಸರ್ಕಾರದ ಮೊದಲ ಘಟಕ 1953ರಲ್ಲಿ ಶುರುವಾದದ್ದೂ ಇದೇ ಶುವೈಖ್‌ನಲ್ಲಿ. ಜಾಲರಿಗೆ ಸುರಿದ ಒಂದು ಡಬ್ಬ ಹಳೇ ಆಯಿಲ್ ಎತ್ತ ಹೋಗುತ್ತದೆಂದು ಯೋಚಿಸಿದರೆ ಸಂಕಟವಾಗುತ್ತದೆ.

ನಂಬಿಕೆ: ಸಮುದ್ರ ದೊಡ್ಡದು, ಕರಗಿ ಹೋಗುತ್ತದೆ.

ಕೊಲ್ಲಿ ದೊಡ್ಡದಲ್ಲ. ಸರಾಸರಿ ಆಳ ಐದು ಮೀಟರ್ ಆಸುಪಾಸು. ಒಳಗಿನ ನೀರು ಬದಲಾಗುವುದು ನಿಧಾನ. ಶುವೈಖ್ ಪಕ್ಕದ ಸುಲೈಬಿಖಾತ್ ಕಡೆ ಇಳಿತದ ವೇಳೆ ಕೆಸರೇ ಮೇಲೆದ್ದು ಕಾಣುತ್ತದೆ. 2001ರ ಬೇಸಿಗೆಯಲ್ಲಿ ಈ ಕೊಲ್ಲಿಯಲ್ಲಿ ಎರಡು ಸಾವಿರ ಟನ್ನಿಗೂ ಹೆಚ್ಚು ಮೀದ್ ಮೀನು ಸತ್ತು ತೇಲಿತು. ಕೊಂದದ್ದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ, ಎಣ್ಣೆಯಲ್ಲ. ಆದರೆ ಬಿಸಿಯೇರಿದ ನಿಂತ ನೀರಿನ ಜೊತೆಗೆ, ಕೊಲ್ಲಿ ಸೇರಿದ ಕೊಳಚೆಯ ಮೇಲೂ ವಿಜ್ಞಾನಿಗಳಿಗೆ ಅನುಮಾನವಿತ್ತು.

ನಂಬಿಕೆ: "ಬಯೋಡಿಗ್ರೇಡಬಲ್" ಸೋಪಿನಲ್ಲಿ ಕಾರು ತೊಳೆದರೆ ತೊಂದರೆಯಿಲ್ಲ.

ಸೋಪು ಕೊಳೆಯಲು ದಿನಗಳು ಬೇಕು. ಅಷ್ಟರಲ್ಲಿ ಅದು ಮೀನಿನ ಕಿವಿರಿಗೆ ಪೆಟ್ಟು ಕೊಡುತ್ತದೆ. ಕಾರಿನ ಎಣ್ಣೆ, ಬ್ರೇಕ್ ಪುಡಿಯೂ ಜೊತೆಗೇ ಹೋಗುತ್ತದೆ. ಕಾರನ್ನು, ತೊಳೆದ ನೀರನ್ನು ಹಿಡಿದು ಒಳಚರಂಡಿಗೆ ಬಿಡುವ ವಾಷಿಂಗ್ ಸ್ಟೇಷನ್ನಿಗೇ ಒಯ್ಯಿರಿ. ಮನೆಯಲ್ಲೇ ಆದರೆ ಒಂದು ಬಕೆಟ್, ಒದ್ದೆ ಬಟ್ಟೆ ಸಾಕು. ಉಳಿದ ನೀರು ಬಚ್ಚಲಿಗೆ.

ಆಯಿಲ್ ಚೆಲ್ಲಿದರೆ ಪೈಪ್ ಹಿಡಿಯಬೇಡಿ. ಒಣ ಮರಳೋ ಮರದ ಹುಡಿಯೋ ಹರಡಿ, ಹೀರಿದ ಮೇಲೆ ಗುಡಿಸಿ, ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಆಯಿಲ್ ಬದಲಿಸುವಾಗ ಹಳೆಯದನ್ನು ಡ್ರಮ್ಮಿಗೆ ಹಾಕುವುದನ್ನು ಎದುರು ನಿಂತು ನೋಡಿ. ಮೆಕ್ಯಾನಿಕ್ ನಮ್ಮೂರಿನವರಾದರೆ ಹೇಳುವುದಕ್ಕೂ ಸುಲಭ.