ಒಂದೇ ಮೀನು, ಬೇರೆ ಬೇರೆ ವಂಶ

ಕಾಗಿನೆಲೆ, ಬ್ಯಾಡಗಿ ಸೀಮೆಯ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳ ತವರು ಗಂಗೆಯೇ ಮೊದಲಾದ ಉತ್ತರದ ನದಿಗಳು. ರಾಣೆಬೆನ್ನೂರಿನ ಬದಿಗೆ ಹರಿಯುವ ತುಂಗಭದ್ರೆಗೂ ಇವು ಮನುಷ್ಯ ತಂದು ಬಿಟ್ಟ ಮೀನುಗಳೇ.

ತವರಿನಲ್ಲೂ ಎಲ್ಲ ರೋಹು ಒಂದೇ ಅಲ್ಲ. ಮೀನು ನೆಲ ದಾಟಿ ಇನ್ನೊಂದು ನದಿಗೆ ಹೋಗಲಾರದು. ಹಾಗಾಗಿ ಪ್ರತಿ ನದಿಯ ಗುಂಪು ತಲೆಮಾರುಗಳ ಕಾಲ ಬಹುಮಟ್ಟಿಗೆ ತನ್ನೊಳಗೇ ಕೂಡಿ, ವಂಶವಾಹಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಕೂಡಿಸಿಕೊಳ್ಳುತ್ತದೆ. ಈ ವ್ಯತ್ಯಾಸವೇ ನಿಜವಾದ ಸಂಪತ್ತು. ಭುವನೇಶ್ವರದ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆಯು ನಾರ್ವೆಯ ನೆರವಿನಿಂದ ಗಂಗಾ, ಯಮುನಾ, ಗೋಮತಿ, ಬ್ರಹ್ಮಪುತ್ರ, ಸಟ್ಲೆಜ್ ನದಿಗಳ ರೋಹುಗಳನ್ನು ಕೂಡಿಸಿ, ಚೆನ್ನಾಗಿ ಬೆಳೆದವನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಬಂತು. ಬೇಗ ಬೆಳೆಯುವ ‘ಜಯಂತಿ ರೋಹು’ ಹುಟ್ಟಿದ್ದು ಹೀಗೆ.

ಮರಿ ಉತ್ಪಾದನಾ ಕೇಂದ್ರಗಳಲ್ಲಿ ನಡೆದದ್ದು ಇದರ ತದ್ವಿರುದ್ಧ. ಏಕನಾಥ್ ಮತ್ತು ಡಾಯ್ಲ್ ಎಂಬ ವಿಜ್ಞಾನಿಗಳು ಕರ್ನಾಟಕದ ಕೇಂದ್ರಗಳನ್ನೇ ಪರಿಶೀಲಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ಒಳಸಂತಾನದ (ಹತ್ತಿರದ ರಕ್ತಸಂಬಂಧದ ಮೀನುಗಳೇ ಕೂಡಿ ಮರಿ ಮಾಡುವುದರ) ಪ್ರಮಾಣ ವರ್ಷಕ್ಕೆ ಶೇ. 2ರಿಂದ 17ರವರೆಗೆ ಏರುತ್ತಿತ್ತು. ಕೆಲವೇ ತಾಯಿ-ತಂದೆ ಮೀನುಗಳಿಂದ, ಹೊಸ ರಕ್ತ ಸೇರಿಸದೆ, ಮತ್ತೆ ಮತ್ತೆ ಮರಿ ಮಾಡಿಸಿದ್ದರ ಫಲವಿದು. ಸೋದರಮೀನುಗಳ ಮಿಲನದಿಂದ ಬೆಳವಣಿಗೆ ಕುಂಠಿತವಾಗುತ್ತದೆ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ.

ಕೆರೆಗಳಲ್ಲಿ ಸಾಕುವ ಮತ್ತೊಂದು ಮೀನಾದ ಸಾಮಾನ್ಯ ಗೆಂಡೆಯದು (ಕಾಮನ್ ಕಾರ್ಪ್) ಇನ್ನೊಂದು ತೊಡಕು. ನಮ್ಮ ಹಳೆಯ ತಳಿ ಎಳೆಯ ವಯಸ್ಸಿನಲ್ಲೇ ಮೊಟ್ಟೆ ಕಟ್ಟುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಅದಕ್ಕೇ ಹಂಗೇರಿಯಿಂದ ‘ಅಮೂರ್’ ತಳಿಯನ್ನು ತರಿಸಲಾಯಿತು. ಬೆಂಗಳೂರಿನ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರ ಅದನ್ನು ಬೆಳೆಸಿ ಹಂಚಿತು. ಅದು ತಡವಾಗಿ ಬಲಿಯುತ್ತದೆ, ಬೇಗ ತೂಗುತ್ತದೆ.

ಕೆರೆ ಗುತ್ತಿಗೆ ಹಿಡಿದವರು ಬಿತ್ತನೆ ಮರಿ ಕೊಳ್ಳುವಾಗ ಬೆಲೆಯ ಜೊತೆಗೆ ಅದರ ತಾಯಿ-ತಂದೆ ಮೀನುಗಳು ಎಲ್ಲಿಯವು, ಎಷ್ಟು ವರ್ಷದಿಂದ ಬದಲಾಗಿಲ್ಲ ಎಂಬುದನ್ನೂ ಕೇಳಿ ತಿಳಿಯಬೇಕು.